76ರಲ್ಲಿ 8 ಕೋಶಗಳು: ಜಾನ್ ಓಕೀಫ್ ಸಂಶೋಧನೆಯ ಪ್ರಭಾವವನ್ನು ಅಳೆಯುವುದು ಹೇಗೆ?

1971ರಲ್ಲಿ ‘ಬ್ರೈನ್ ರಿಸರ್ಚ್’ ಪತ್ರಿಕೆಯ 34ನೇ ಸಂಪುಟದಲ್ಲಿ ಐದೇ ಪುಟಗಳ ಒಂದು ಪ್ರಬಂಧ ಬಂತು. ಬರೆದವರು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಜಾನ್ ಓಕೀಫ್ ಮತ್ತು ಅವರ ವಿದ್ಯಾರ್ಥಿ ಜೊನಾಥನ್ ದೊಸ್ತ್ರೊವ್ಸ್ಕಿ. 23 ಇಲಿಗಳ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಿಂದ 76 ನರಕೋಶಗಳ ಚಟುವಟಿಕೆಯನ್ನು ಅವರು ದಾಖಲಿಸಿದ್ದರು. ಅವುಗಳಲ್ಲಿ 8 ಕೋಶಗಳು ವಿಚಿತ್ರವಾಗಿ ವರ್ತಿಸಿದವು. ಇಲಿ ಪ್ರಯೋಗದ ವೇದಿಕೆಯ ಒಂದು ಗೊತ್ತಾದ ಜಾಗದಲ್ಲಿ, ಗೊತ್ತಾದ ದಿಕ್ಕಿಗೆ ಮುಖ ಮಾಡಿ ನಿಂತಾಗ ಮಾತ್ರ, ಇಲ್ಲವೇ ಆಗ ಎಲ್ಲಕ್ಕಿಂತ ಹೆಚ್ಚಾಗಿ, ಅವು ಮಿಡಿಯುತ್ತಿದ್ದವು, ಅಂದರೆ ವಿದ್ಯುತ್ ಸಂಕೇತ ಹೊರಡಿಸುತ್ತಿದ್ದವು. ‘ಪ್ರಾಥಮಿಕ ಸಾಕ್ಷ್ಯ’ ಎಂದು ಲೇಖಕರೇ ಶೀರ್ಷಿಕೆಯಲ್ಲಿ ಹೇಳಿಕೊಂಡಿದ್ದರು.

43 ವರ್ಷಗಳ ನಂತರ, 2014ರಲ್ಲಿ, ಆ ಕೆಲಸಕ್ಕೆ ನೊಬೆಲ್ ಬಂತು. ಅರ್ಧ ಪಾಲು ಓಕೀಫ್ ಅವರಿಗೆ, ಉಳಿದರ್ಧ ನಾರ್ವೆಯ ಮೈ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರಿಗೆ. ಈ ಎರಡು ದಿನಾಂಕಗಳ ನಡುವಿನ ಪ್ರಭಾವ ಯಾವ ಯಾವ ದಾರಿಯಲ್ಲಿ ಹರಿಯಿತು, ಬೇರೆ ಪ್ರಬಂಧಗಳು ಮಾಡುವ ಉಲ್ಲೇಖಗಳ ಲೆಕ್ಕಕ್ಕೆ ಅದರಲ್ಲಿ ಎಷ್ಟು ಸಿಗುತ್ತದೆ, ಎಷ್ಟು ತಪ್ಪಿಹೋಗುತ್ತದೆ ಎಂಬುದೇ ಈ ಅಧ್ಯಯನದ ವಿಷಯ. ಓಕೀಫ್ ಅವರ ವೃತ್ತಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ಪ್ರಭಾವದ ನಾಲ್ಕು ದಾರಿಗಳು ಬೇರೆಬೇರೆಯಾಗಿ ಕಾಣುತ್ತವೆ: ಒಂದು ಅವಲೋಕನ, ಒಂದು ಸಿದ್ಧಾಂತ, ಒಂದು ಉಪಕರಣ, ಮತ್ತು ಪ್ರಯೋಗಾಲಯದಲ್ಲಿ ಕಲಿತು ಹೋದ ಜನ. ಸಂಖ್ಯೆಗಳು ಮೊದಲ ಎರಡನ್ನು ತಡವಾಗಿಯಾದರೂ ಹಿಡಿಯುತ್ತವೆ. ಕೊನೆಯ ಎರಡು ಬಹುಮಟ್ಟಿಗೆ ಬಲೆಗೆ ಬೀಳುವುದೇ ಇಲ್ಲ.

ವೃತ್ತಿಯ ಹಾದಿ

ಓಕೀಫ್ ಹುಟ್ಟಿದ್ದು 1939ರಲ್ಲಿ, ನ್ಯೂಯಾರ್ಕ್ ನಗರದಲ್ಲಿ, ಐರ್ಲೆಂಡಿನಿಂದ ವಲಸೆ ಬಂದ ದಂಪತಿಗೆ. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಪದವಿ ಪಡೆದು, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಮೆಲ್‌ಜಾಕ್ ಅವರ ಮಾರ್ಗದರ್ಶನದಲ್ಲಿ 1967ರಲ್ಲಿ ಪಿಎಚ್.ಡಿ. ಮುಗಿಸಿದರು. ಮಹಾಪ್ರಬಂಧದ ವಿಷಯ ಹಿಪೊಕ್ಯಾಂಪಸ್ ಅಲ್ಲ, ಬೆಕ್ಕಿನ ಮಿದುಳಿನ ಅಮಿಗ್ಡಲಾ ಎಂಬ ಇನ್ನೊಂದು ಭಾಗ. ಆದರೆ ಮುಂದಿನ ಎಲ್ಲಕ್ಕೂ ಬೇಕಾದ ಕೌಶಲ ಅಲ್ಲೇ ಕೂಡಿಬಂದಿತ್ತು: ಅರಿವಳಿಕೆ ಕೊಡದೆ, ಎಚ್ಚರವಾಗಿ ಓಡಾಡುತ್ತಿರುವ ಪ್ರಾಣಿಯ ಮಿದುಳಿನಿಂದ ಒಂದೊಂದೇ ನರಕೋಶದ ಸದ್ದನ್ನು ಹಿಡಿಯುವುದು. ಆ ಕಾಲದ ಬಹುಪಾಲು ದಾಖಲೆಗಳು ಅರಿವಳಿಕೆಯಲ್ಲಿ ಮಲಗಿದ ಪ್ರಾಣಿಗಳಿಂದ ಬರುತ್ತಿದ್ದವು. ಮಲಗಿದ ಇಲಿ ಎಲ್ಲಿಗೂ ಹೋಗುವುದಿಲ್ಲ. ಅದರಲ್ಲಿ ಸ್ಥಳಕ್ಕೆ ಸ್ಪಂದಿಸುವ ಕೋಶ ಸಿಗುವ ಮಾತೇ ಇಲ್ಲ.

1967ರಲ್ಲೇ ಪೋಸ್ಟ್‌ಡಾಕ್ ಆಗಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ವಾಲ್ ಅವರ ಪ್ರಯೋಗಾಲಯ ಸೇರಿದವರು ಅದೇ ಸಂಸ್ಥೆಯಲ್ಲಿ ಉಳಿದುಬಿಟ್ಟರು. 1987ರಲ್ಲಿ ಪ್ರಾಧ್ಯಾಪಕ, 1992ರಲ್ಲಿ ರಾಯಲ್ ಸೊಸೈಟಿಯ ಫೆಲೋ. ಮುಂದೆ ಅದೇ ವಿಶ್ವವಿದ್ಯಾಲಯದ ಸೇನ್ಸ್‌ಬರಿ ವೆಲ್‌ಕಮ್ ಕೇಂದ್ರದ ಮೊದಲ ನಿರ್ದೇಶಕ. ಊರೂರು ಬದಲಿಸಿ ಏರುವ ಇಂದಿನ ವೃತ್ತಿಮಾದರಿಗೆ ಇದು ಹೊಂದುವುದಿಲ್ಲ. ಒಂದೇ ಸಂಸ್ಥೆ, ಒಂದೇ ಮಿದುಳಿನ ಭಾಗ, ಒಂದೇ ಪ್ರಶ್ನೆ.

1971ರ ದಾಖಲೆಯಲ್ಲಿ ಏನಿರಲಿಲ್ಲ

ಪ್ರಬಂಧ ತಕ್ಷಣ ಎಲ್ಲರನ್ನೂ ಒಪ್ಪಿಸಲಿಲ್ಲ. ‘ಕಾಲಕ್ಕಿಂತ ಮುಂದಿತ್ತು’ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅನುಮಾನಕ್ಕೆ ಗಟ್ಟಿಯಾದ ಕಾರಣಗಳಿದ್ದವು.

ಮೊದಲನೆಯದು ಪ್ರಮಾಣ. 76ರಲ್ಲಿ 8 ಎಂದರೆ ಹತ್ತರಲ್ಲಿ ಒಂದಕ್ಕೆ ಸ್ವಲ್ಪ ಮೇಲೆ. ಉಳಿದ ಕೋಶಗಳು ಬೇರೇನನ್ನೋ ಮಾಡುತ್ತಿದ್ದರೆ ಇಡೀ ಹಿಪೊಕ್ಯಾಂಪಸ್ ಒಂದು ನಕ್ಷೆ ಎಂದು ಹೇಗೆ ಹೇಳುವುದು? ಇಲಿ ಓಡಾಡಿದ ಜಾಗ ಚಿಕ್ಕದಾದಷ್ಟೂ ಅಲ್ಲಿ ತನ್ನ ಕ್ಷೇತ್ರ, ಅಂದರೆ ತಾನು ಮಿಡಿಯುವ ಜಾಗ, ಇರುವ ಕೋಶಗಳು ಕಡಿಮೆ ಸಿಗುತ್ತವೆ ಎಂಬುದು ಇಂದು ಗೊತ್ತು. ಒಂದು ಆವರಣದಲ್ಲಿ ಮೌನವಾಗಿರುವ ಕೋಶ ಇನ್ನೊಂದು ಆವರಣದಲ್ಲಿ ಮಾತಾಡಬಹುದು. ಆಗ ಈ ಉತ್ತರ ಕೈಯಲ್ಲಿರಲಿಲ್ಲ.

ಎರಡನೆಯದು ಅಳತೆ. ಸ್ಥಳಕ್ಕೆ ಸ್ಪಂದಿಸುವ ಕೋಶ, ಅಂದರೆ ಸ್ಥಳಕೋಶ, ಇದು ಎಂದು ಇಂದು ತೀರ್ಮಾನಿಸಬೇಕಾದರೆ ಒಂದು ಸರಣಿ ದಾಟಬೇಕು. ಇಲಿಯ ತಲೆಯ ಮೇಲಿನ ಪುಟ್ಟ ದೀಪವನ್ನು ಮೇಲಿನ ಕ್ಯಾಮೆರಾ ಹಿಂಬಾಲಿಸುತ್ತದೆ. ನೆಲವನ್ನು ಕೆಲವೇ ಸೆಂಟಿಮೀಟರ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಬಿದ್ದ ಮಿಡಿತಗಳ ಸಂಖ್ಯೆಯನ್ನು ಇಲಿ ಅಲ್ಲಿ ಕಳೆದ ಸಮಯದಿಂದ ಭಾಗಿಸುತ್ತಾರೆ. ಈ ಭಾಗಾಕಾರ ತಪ್ಪಿದರೆ ಇಲಿ ಹೆಚ್ಚು ಹೊತ್ತು ಕೂತ ಮೂಲೆಯೇ ಕೋಶದ ಕ್ಷೇತ್ರವಾಗಿ ಕಾಣುತ್ತದೆ. ಹೊಸಬರು ಎಡವುವುದು ಇಲ್ಲೇ. ಆಮೇಲೆ ಗೋಡೆಯ ಗುರುತುಪಟ್ಟಿಯನ್ನು 90 ಡಿಗ್ರಿ ತಿರುಗಿಸಿ, ಕ್ಷೇತ್ರವೂ ಅದರ ಜೊತೆ ತಿರುಗುತ್ತದೆಯೇ ಎಂದು ನೋಡಬೇಕು. ತಿರುಗದೆ ಕೋಣೆಗೇ ಅಂಟಿಕೊಂಡಿದ್ದರೆ ಹೊರಗಿನ ಸದ್ದೋ ವಾಸನೆಯೋ ಇಲಿಗೆ ದಾರಿ ಹೇಳುತ್ತಿದೆ ಎಂದರ್ಥ. ನೆಲ ಒರೆಸದೆ ಬಿಟ್ಟರೆ ಹಿಂದಿನ ಸರದಿಯ ಮೂತ್ರದ ವಾಸನೆಯೇ ಗುರುತಾಗಿ ಕೂರುತ್ತದೆ.

ಈ ಸರಣಿಯ ದೊಡ್ಡ ಪಾಲು ಬಂದದ್ದು 1987ರಲ್ಲಿ, ಲಂಡನ್ನಿನಿಂದಲ್ಲ, ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ. ರಾಬರ್ಟ್ ಮುಲ್ಲರ್, ಜಾನ್ ಕ್ಯೂಬಿ ಮತ್ತು ಜೇಮ್ಸ್ ರ‍್ಯಾಂಕ್ 76 ಸೆಂಟಿಮೀಟರ್ ವ್ಯಾಸದ ಸಿಲಿಂಡರ್ ಆವರಣದ ಒಳಗೋಡೆಗೆ ಒಂದೇ ಬಿಳಿ ಪಟ್ಟಿ ಅಂಟಿಸಿ, ಒಳಗೆ ಆಹಾರದ ಸಣ್ಣ ಗುಳಿಗೆಗಳನ್ನು ಎಲ್ಲೆಂದರಲ್ಲಿ ಎಸೆಯುತ್ತಿದ್ದರು. ಹಸಿದ ಇಲಿ ಗುಳಿಗೆ ಹುಡುಕುತ್ತ ನೆಲದ ಮೂಲೆಮೂಲೆಯನ್ನೂ ತುಳಿಯುತ್ತದೆ. ತೀರಾ ಸರಳ ಉಪಾಯ. ಆದರೆ ‘ಇಲಿ ಅಲ್ಲಿಗೆ ಆಹಾರಕ್ಕೆಂದೇ ಹೋಗುತ್ತದೆ, ಕೋಶ ಆಹಾರಕ್ಕೆ ಸ್ಪಂದಿಸುತ್ತಿದೆ’ ಎಂಬ ತಕರಾರಿನ ಬೇರನ್ನೇ ಅದು ಕಿತ್ತಿತು. ಆಹಾರ ಎಲ್ಲ ಕಡೆಯೂ ಇತ್ತು. ಕೋಶ ಮಿಡಿದದ್ದು ಒಂದೇ ಕಡೆ. ಮೂಲ ಅವಲೋಕನದ ಪ್ರಭಾವ ಹೆಚ್ಚಲು ಅದನ್ನು ಬೇರೆಯವರು ಅಳತೆಗೆ ಒಗ್ಗಿಸಬೇಕಾಯಿತು. ಉಲ್ಲೇಖಗಳ ರೇಖಾಚಿತ್ರ ಬರೆಯುವವರು ಆ ವರ್ಷದಲ್ಲೊಂದು ಗೆರೆ ಎಳೆದಿಟ್ಟುಕೊಳ್ಳಬೇಕು.

ಮೂರನೆಯ ಕಾರಣ ಆಗಿನ ಬೌದ್ಧಿಕ ವಾತಾವರಣ. 1957ರಲ್ಲಿ ವಿಲಿಯಂ ಸ್ಕೋವಿಲ್ ಮತ್ತು ಬ್ರೆಂಡಾ ಮಿಲ್ನರ್ ಎಚ್.ಎಂ. ಎಂಬ ರೋಗಿಯ ವರದಿ ಬರೆದಿದ್ದರು. ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗ ಕಳೆದುಕೊಂಡ ಆತನಿಗೆ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಮನುಷ್ಯರನ್ನು ಅಭ್ಯಸಿಸುವವರಿಗೆ ಹಿಪೊಕ್ಯಾಂಪಸ್ ಎಂದರೆ ಸ್ಮೃತಿ. ಇಲಿಯಲ್ಲಿ ಅದು ಸ್ಥಳ ಎಂದಾಗ, ಎರಡನ್ನೂ ಹೊಂದಿಸುವ ಹೊಣೆ ಹೊಸದಾಗಿ ಬಂದವರ ತಲೆಯ ಮೇಲೆ ಬಿತ್ತು.

ಪುಸ್ತಕದ ದಾರಿ

1976ರಲ್ಲಿ ‘ಎಕ್ಸ್‌ಪೆರಿಮೆಂಟಲ್ ನ್ಯೂರಾಲಜಿ’ಯಲ್ಲಿ ಓಕೀಫ್ ಒಬ್ಬರೇ ಬರೆದ 32 ಪುಟಗಳ ಪ್ರಬಂಧ ಐದು ಪುಟದ ಸುಳಿವನ್ನು ಪೂರ್ಣ ವಾದವಾಗಿ ಬೆಳೆಸಿತು. ಇಲಿ ಎಲ್ಲಿದೆ ಎನ್ನುವ ಕೋಶಗಳು, ಇಲಿ ಚಲಿಸುವಾಗಲೆಲ್ಲ ಮಿಡಿಯುವ ಕೋಶಗಳು, ಇರಬೇಕಾದದ್ದು ಇಲ್ಲದಿರುವಾಗ ಅಥವಾ ಹೊಸದೊಂದು ಇರುವಾಗ ಎಚ್ಚರಿಸುವ ಕೋಶಗಳು ಎಂದು ಅದು ವಿಂಗಡಿಸಿತು. ವಿಷಯ ತಿಳಿದವರಲ್ಲಿ ಅನೇಕರು ಇದನ್ನೇ ನಿಜವಾದ ಮೂಲಪ್ರಬಂಧ ಎನ್ನುತ್ತಾರೆ. ಆ ಮಾತಿನಲ್ಲಿ ಹುರುಳಿದೆ.

1978ರಲ್ಲಿ ಲಿನ್ ನಡೆಲ್ ಜೊತೆ ಬರೆದ ಪುಸ್ತಕವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯ ಹೊರತಂದಿತು. ಇಲಿ ಚಕ್ರವ್ಯೂಹದಲ್ಲಿ ಬರೀ ಎಡ-ಬಲ ತಿರುವುಗಳ ಪಟ್ಟಿ ಕಲಿಯುವುದಿಲ್ಲ, ಮನಸ್ಸಿನಲ್ಲೊಂದು ನಕ್ಷೆ ಕಟ್ಟಿಕೊಳ್ಳುತ್ತದೆ ಎಂದು 1948ರಲ್ಲೇ ಎಡ್ವರ್ಡ್ ಟೋಲ್ಮನ್ ವಾದಿಸಿದ್ದರು. ಆ ನಕ್ಷೆಗೆ ಪುಸ್ತಕ ಮಿದುಳಿನಲ್ಲೊಂದು ವಿಳಾಸ ಕೊಟ್ಟಿತು. ಅಷ್ಟೇ ಆಗಿದ್ದರೆ ಅದು ಊಹೆಯಾಗಿ ಉಳಿಯುತ್ತಿತ್ತು. ಹಿಪೊಕ್ಯಾಂಪಸ್‌ಗೆ ಪೆಟ್ಟಾದ ಪ್ರಾಣಿ ಯಾವ ಕೆಲಸದಲ್ಲಿ ಸೋಲಬೇಕು, ಯಾವುದರಲ್ಲಿ ಸೋಲಬಾರದು ಎಂದು ಪುಸ್ತಕ ಸ್ಪಷ್ಟವಾಗಿ ಬರೆದಿಟ್ಟಿತು. ಸುಳ್ಳೆಂದು ತೋರಿಸಲು ಎದುರಾಳಿಗಳಿಗೆ ಅದು ಗುರಿ ಹಾಕಿಕೊಟ್ಟಂತಾಯಿತು. ಇದರ ಉಲ್ಲೇಖಗಳಲ್ಲಿ ದೊಡ್ಡ ಪಾಲು ಜಗಳದಿಂದ ಹುಟ್ಟಿದ್ದು, ಮತ್ತು ಅದು ಒಳ್ಳೆಯ ಜಗಳ.

ಅದರ ಅತ್ಯುತ್ತಮ ಪರೀಕ್ಷೆ ಬಂದದ್ದು 1982ರಲ್ಲಿ, ‘ನೇಚರ್’ ಪತ್ರಿಕೆಯಲ್ಲಿ. ರಿಚರ್ಡ್ ಮಾರಿಸ್ ಅವರ ನೀರಿನ ಚಕ್ರವ್ಯೂಹದಲ್ಲಿ ಇಲಿ ಮಸುಕು ನೀರಿನಲ್ಲಿ ಈಜಿ, ಮೇಲ್ಮೈಯ ಕೆಳಗೆ ಅಡಗಿದ ಪುಟ್ಟ ಜಗತಿಯನ್ನು ಹುಡುಕಬೇಕು. ಜಗತಿ ಕಣ್ಣಿಗೆ ಕಾಣದ್ದರಿಂದ ಕೋಣೆಯ ದೂರದ ಗುರುತುಗಳಿಂದಲೇ ದಾರಿ ಕಟ್ಟಿಕೊಳ್ಳಬೇಕು. ಹಿಪೊಕ್ಯಾಂಪಸ್ ಹಾಳಾದ ಇಲಿಗಳು ಇದರಲ್ಲಿ ಸೋತವು. ಜಗತಿ ನೀರಿನ ಮೇಲೆ ಕಾಣುವಂತಿದ್ದಾಗ ತಲುಪಿದವು. ಅಂದರೆ ಈಜು, ದೃಷ್ಟಿ, ಮನಸ್ಸು ಯಾವುದೂ ಕೆಟ್ಟಿರಲಿಲ್ಲ, ಕೆಟ್ಟದ್ದು ಸ್ಥಳಜ್ಞಾನ. ಆ ಪ್ರಬಂಧದ ನಾಲ್ವರು ಲೇಖಕರಲ್ಲಿ ಓಕೀಫ್ ಕೊನೆಯವರು. ನೀರಿನ ಚಕ್ರವ್ಯೂಹ ಮುಂದೆ ಔಷಧ ಪರೀಕ್ಷೆಯಿಂದ ಹಿಡಿದು ವಂಶವಾಹಿ ತಿದ್ದಿದ ಇಲಿಗಳ ತಪಾಸಣೆಯವರೆಗೆ ಎಲ್ಲೆಡೆ ಹರಡಿತು. ಹಾಗೆ ಬಳಸುವವರು ಸಾಮಾನ್ಯವಾಗಿ ಉಲ್ಲೇಖಿಸುವುದು ಮಾರಿಸ್ ಅವರ 1984ರ ವಿಧಾನಪ್ರಬಂಧವನ್ನು. ಆ ಪರೀಕ್ಷೆಗೆ ಅರ್ಥ ಕೊಟ್ಟ ಸಿದ್ಧಾಂತದ ಹೆಸರು ಅಲ್ಲಿ ಬರಲೇಬೇಕೆಂದಿಲ್ಲ.

ನಾಲ್ಕು ತಂತಿಗಳು

ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಎಣಿಕೆ ಅತ್ಯಂತ ಕೆಟ್ಟದಾಗಿ ಸೋಲುವುದೂ ಇಲ್ಲೇ.

ಕೋಶಗಳ ಮಿಡಿತ ಹಿಡಿಯಲು ಮಿದುಳಿಗೆ ಇಳಿಸುವ ತಂತಿ ಎಲೆಕ್ಟ್ರೋಡ್. ಒಂದೇ ತುದಿಯ ಎಲೆಕ್ಟ್ರೋಡ್‌ನ ತೊಂದರೆ ಸರಳ. ಹಿಪೊಕ್ಯಾಂಪಸ್‌ನ ಸಿಎ1 ಎಂಬ ಭಾಗದ ಪದರದಲ್ಲಿ ಕೋಶಗಳು ಒತ್ತೊತ್ತಾಗಿ ಕೂತಿವೆ. ತುದಿಯ ಹತ್ತಿರದ ಐದಾರು ಕೋಶಗಳ ಮಿಡಿತಗಳು ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಅವುಗಳನ್ನು ಬೇರ್ಪಡಿಸಲು ಇರುವುದು ಎತ್ತರ ಮತ್ತು ಆಕಾರ ಮಾತ್ರ. ದೂರದ ದೊಡ್ಡ ಕೋಶವೂ ಹತ್ತಿರದ ಚಿಕ್ಕ ಕೋಶವೂ ಒಂದೇ ಎತ್ತರದ ಮಿಡಿತ ಕೊಟ್ಟರೆ ಎರಡೂ ಒಂದೇ ಕೋಶವೆಂದು ದಾಖಲಾಗುತ್ತವೆ. ಆಗ ಒಂದು ಕೋಶಕ್ಕೆ ಎರಡು ಕ್ಷೇತ್ರ ಇದೆ ಎಂಬ ಸುಳ್ಳು ಫಲಿತಾಂಶ ಹುಟ್ಟುತ್ತದೆ.

1983ರಲ್ಲಿ ಬ್ರೂಸ್ ಮೆಕ್‌ನಾಟನ್, ಓಕೀಫ್ ಮತ್ತು ಕ್ಯಾರೊಲ್ ಬಾರ್ನ್ಸ್ ಎರಡು ತಂತಿಗಳನ್ನು ಒಟ್ಟಿಗೆ ಹೆಣೆದ ಸ್ಟೀರಿಯೋಟ್ರೋಡ್ ತಂದರು. ಒಂದೇ ಕೋಶದ ಮಿಡಿತ ಎರಡು ತುದಿಗಳಲ್ಲಿ ಬೇರೆಬೇರೆ ಎತ್ತರದಲ್ಲಿ ಕಾಣುತ್ತದೆ. ಆ ಅನುಪಾತ ಕೋಶ ಎಲ್ಲಿದೆ ಎಂಬುದರ ಸುಳಿವು. ಎರಡು ತುದಿ ಸಾಲದು. ಮೂರು ಆಯಾಮದ ಅಂಗಾಂಶದಲ್ಲಿ ಒಂದು ಮೂಲವನ್ನು ಗುರುತಿಸಲು ನಾಲ್ಕು ಬೇಕು. 1989ರಲ್ಲಿ ಮೈಕಲ್ ರೆಕ್ಚೆ ಮತ್ತು ಓಕೀಫ್ ನಾಲ್ಕು ತಂತಿಯ ಟೆಟ್ರೋಡ್ ಅನ್ನು ಮಂಡಿಸಿದರು. ಎಲ್ಲಿ? ಅಮೆರಿಕದ ನರವಿಜ್ಞಾನ ಸಂಘದ ವಾರ್ಷಿಕ ಸಮ್ಮೇಳನದ ಸಾರಾಂಶವಾಗಿ, ಒಂದು ಪುಟವನ್ನೂ ತುಂಬದ ಒಂದು ಪ್ಯಾರಾದಲ್ಲಿ.

ತಯಾರಿಕೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಹೊದಿಕೆಯಿರುವ ಸಣ್ಣ ತಂತಿಯನ್ನು, ಸಾಮಾನ್ಯವಾಗಿ 12ರಿಂದ 25 ಮೈಕ್ರೋಮೀಟರ್ ವ್ಯಾಸದ್ದು, ನಾಲ್ಕು ಎಳೆಯಾಗಿ ಮಡಚಿ, ಕೆಳಗೆ ಭಾರ ಕಟ್ಟಿ ತಿರುಚುತ್ತಾರೆ. ಬಿಸಿಗಾಳಿ ಹಾಯಿಸಿದಾಗ ಹೊದಿಕೆ ಮೆತ್ತಗಾಗಿ ಎಳೆಗಳು ಅಂಟಿಕೊಳ್ಳುತ್ತವೆ. ಶಾಖ ಹೆಚ್ಚಾದರೆ ಹೊದಿಕೆ ಕರಗಿ ಎರಡು ತಂತಿ ಒಳಗೇ ತಾಗಿಬಿಡುತ್ತವೆ. ಆಮೇಲೆ ಎರಡು ವಾಹಿನಿಗಳಲ್ಲಿ ಪಡಿಯಚ್ಚಿನಂಥ ಒಂದೇ ಸಂಕೇತ ಬರುತ್ತಿದ್ದರೆ ದೋಷ ಇಲ್ಲೇ ಎಂದು ತಿಳಿಯಬೇಕು. ತುದಿಯನ್ನು ಹರಿತ ಕತ್ತರಿಯಿಂದ ನೇರವಾಗಿ ಕತ್ತರಿಸಿ, ಚಿನ್ನದ ದ್ರಾವಣದಲ್ಲಿ ಅದ್ದಿ ಸಣ್ಣ ವಿದ್ಯುತ್ ಹರಿಸಿ ಲೇಪಿಸುತ್ತಾರೆ. ಪ್ರತಿರೋಧ 200-300 ಕಿಲೋಓಮ್ ಆಸುಪಾಸಿಗೆ ಇಳಿದರೆ ಹಿನ್ನೆಲೆ ಗದ್ದಲ ತಗ್ಗುತ್ತದೆ. ಲೇಪ ಅತಿಯಾದರೆ ಚಿನ್ನ ಅಕ್ಕಪಕ್ಕದ ತುದಿಗಳಿಗೆ ಸೇತುವೆ ಕಟ್ಟುತ್ತದೆ.

ಟೆಟ್ರೋಡ್ ಅನ್ನು ತಿರುಪು ಇರುವ ಚಾಲಕಕ್ಕೆ ಜೋಡಿಸಿ ತಲೆಬುರುಡೆಗೆ ಕೂರಿಸುತ್ತಾರೆ. ಇಲಿಯಲ್ಲಿ ಸಿಎ1 ಪದರ ಮಿದುಳಿನ ಮೇಲ್ಮೈಯಿಂದ ಸುಮಾರು 2 ಮಿಲಿಮೀಟರ್ ಆಳದಲ್ಲಿದೆ. ಅಲ್ಲಿಗೆ ಒಂದೇ ಸಲಕ್ಕೆ ಇಳಿಸುವುದಿಲ್ಲ, ದಿನಕ್ಕೆ ಕೆಲವು ಹತ್ತು ಮೈಕ್ರೋಮೀಟರ್‌ನಂತೆ ಇಳಿಸುತ್ತಾರೆ. ಅವಸರಪಟ್ಟರೆ ಅಂಗಾಂಶ ಮೊದಲು ಒತ್ತಿಕೊಂಡು ಆಮೇಲೆ ನಿಧಾನವಾಗಿ ಹಿಂದಕ್ಕೆ ಉಬ್ಬುತ್ತದೆ. ಬೆಳಗ್ಗೆ ದಾಖಲಿಸಿದ ಕೋಶ ಮಧ್ಯಾಹ್ನಕ್ಕೆ ಮಾಯವಾಗಿ ಅದರ ಜಾಗದಲ್ಲಿ ಪಕ್ಕದ್ದು ಬಂದಿರುತ್ತದೆ. ಪದರ ಸಿಕ್ಕಿತೆಂದು ತಿಳಿಯುವುದು ಇಲಿ ಓಡಾಡುವಾಗ ಕಾಣುವ ಥೀಟಾ ಲಯ ಎಂಬ ವಿದ್ಯುತ್ ಏರಿಳಿತ ಮತ್ತು ಇಲಿ ವಿಶ್ರಮಿಸುವಾಗ ಬರುವ ಚುರುಕು ಅಲೆಗಳಿಂದ. ಬೇರ್ಪಡಿಸಿದ ಗುಂಪು ನಿಜಕ್ಕೂ ಒಂದೇ ಕೋಶದ್ದೇ ಎಂಬುದಕ್ಕೆ ಒಂದು ಒರಟು ಪರೀಕ್ಷೆ ಇದೆ. ಒಂದು ನರಕೋಶ 1-2 ಮಿಲಿಸೆಕೆಂಡಿನೊಳಗೆ ಮತ್ತೆ ಮಿಡಿಯಲಾರದು. ಆ ಅಂತರದೊಳಗೆ ಮಿಡಿತಗಳು ತುಂಬಿದ್ದರೆ ಗುಂಪಿನಲ್ಲಿ ಎರಡನೆಯವರು ನುಸುಳಿದ್ದಾರೆ.

1993ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಮೆಕ್‌ನಾಟನ್ ಟೆಟ್ರೋಡ್‌ಗಳ ಗುಚ್ಛದಿಂದ ಏಕಕಾಲಕ್ಕೆ ಹತ್ತಾರು ಕೋಶಗಳನ್ನು ಹಿಡಿದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ನಿದ್ದೆಯಲ್ಲಿ ಹಿಪೊಕ್ಯಾಂಪಸ್ ಹಗಲಿನ ಅನುಭವವನ್ನು ಮರಳಿ ನುಡಿಸುತ್ತದೆ ಎಂಬ 1994ರ ಫಲಿತಾಂಶ ಈ ತಂತ್ರವಿಲ್ಲದೆ ಬರುತ್ತಿರಲಿಲ್ಲ. 1995ರಲ್ಲಿ ಚಾರ್ಲ್ಸ್ ಗ್ರೇ ಮತ್ತು ಸಂಗಡಿಗರು ಬೆಕ್ಕಿನ ದೃಷ್ಟಿ ಕಾರ್ಟೆಕ್ಸ್‌ನಲ್ಲಿ ಟೆಟ್ರೋಡ್‌ನ ವಿಶ್ವಾಸಾರ್ಹತೆಯನ್ನು ತೋರಿಸಿದರು. ಆಮೇಲೆ ಟೆಟ್ರೋಡ್ ಬಳಸುವವರು ಉಲ್ಲೇಖಿಸತೊಡಗಿದ್ದು ಪೂರ್ಣ ಪ್ರಬಂಧಗಳನ್ನು. ಸಮ್ಮೇಳನದ ಸಾರಾಂಶವನ್ನು ಉಲ್ಲೇಖ ಸೂಚಿಗಳು (ಯಾವ ಪ್ರಬಂಧ ಯಾವುದನ್ನು ಉಲ್ಲೇಖಿಸಿದೆ ಎಂದು ಪಟ್ಟಿ ಮಾಡುವ ಕೋಶಗಳು) ಸರಿಯಾಗಿ ಸೇರಿಸಿಕೊಳ್ಳುವುದಿಲ್ಲ, ಕೆಲವು ಪತ್ರಿಕೆಗಳು ಅದನ್ನು ಉಲ್ಲೇಖಿಸಲು ಬಿಡುವುದೂ ಇಲ್ಲ. ಇನ್ನೂ ಮುಂದೆ ಹೋದಂತೆ ಯಾರ ಹೆಸರೂ ಬೇಡವಾಯಿತು. ‘ಟೆಟ್ರೋಡ್ ಬಳಸಲಾಯಿತು’ ಎಂದು ವಿಧಾನ ವಿಭಾಗದಲ್ಲಿ ಒಂದು ಸಾಲು, ತಂತಿ ಮಾರಿದ ಕಂಪನಿಯ ಹೆಸರು, ಮುಗಿಯಿತು. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ ವಿದ್ಯಮಾನ ಇದು: ಕೊಡುಗೆ ಎಲ್ಲರ ಸ್ವತ್ತಾದಷ್ಟೂ ಕೊಟ್ಟವರ ಹೆಸರು ಅಳಿಸಿಹೋಗುತ್ತದೆ. ಉಲ್ಲೇಖ ಇಳಿದದ್ದನ್ನು ಪ್ರಭಾವ ಇಳಿದದ್ದೆಂದು ಓದಿದರೆ ಇಲ್ಲಿ ತಲೆಕೆಳಗಾದ ಉತ್ತರ ಸಿಗುತ್ತದೆ.

ಎಣಿಕೆಗೆ ಕೂತಾಗ

ಕೆಲಸ ಶುರುವಾಗುವುದು ಹೆಸರಿನಿಂದ, ಮೊದಲ ಹಳ್ಳವೂ ಅಲ್ಲೇ. ಇಂಗ್ಲಿಷಿನಲ್ಲಿ O'Keefe ಎಂದು ಬರೆಯುವ ಓಕೀಫ್ ಹೆಸರಿನ ನಡುವಿನ ಮೇಲ್ಚುಕ್ಕೆಯನ್ನು ಒಂದು ಸೂಚಿ ಇಟ್ಟುಕೊಳ್ಳುತ್ತದೆ, ಇನ್ನೊಂದು ತೆಗೆದುಹಾಕುತ್ತದೆ, ಮತ್ತೊಂದು ಅದರ ಜಾಗದಲ್ಲಿ ಖಾಲಿ ಬಿಟ್ಟು ‘ಓ’ವನ್ನು ಮೊದಲಕ್ಷರವೆಂದು ತಿಳಿಯುತ್ತದೆ. ಒಬ್ಬರೇ ಮೂವರಾಗುತ್ತಾರೆ. ಇದರ ಉಲ್ಟಾ ಅಪಾಯವೂ ಇದೆ. ಭೂಮಿ ಸ್ವಲ್ಪ ಪೇರ್ (ಪಿಯರ್) ಹಣ್ಣಿನ ಆಕಾರದ್ದೆಂದು ಉಪಗ್ರಹದ ಕಕ್ಷೆಯಿಂದ ಕಂಡುಹಿಡಿದ ನಾಸಾದ ಖಗೋಳವಿಜ್ಞಾನಿಯ ಹೆಸರೂ ಜಾನ್ ಓಕೀಫ್. ಮೊದಲಕ್ಷರದಿಂದ ಹುಡುಕಿದರೆ ಟೆಕ್ಟೈಟ್ ಎಂಬ ಗಾಜಿನ ಕಲ್ಲುಗಳ ಪ್ರಬಂಧಗಳು ಹಿಪೊಕ್ಯಾಂಪಸ್‌ನ ಪಟ್ಟಿಗೆ ಬಂದು ಸೇರುತ್ತವೆ. ಸಂಸ್ಥೆ, ಸಹಲೇಖಕರು, ವಿಷಯ ಮೂರನ್ನೂ ತಾಳೆ ಹಾಕಿ ಕೈಯಾರೆ ಪಟ್ಟಿ ಕಟ್ಟದೆ ಬೇರೆ ದಾರಿಯಿಲ್ಲ. ಹಳೆಯ ತಲೆಮಾರಿನ ವಿಜ್ಞಾನಿಗಳ ಆರಂಭದ ಪ್ರಬಂಧಗಳು ತಂತಾನೇ ಸಂಶೋಧಕರಿಗೆ ಕೊಡುವ ಆರ್ಕಿಡ್ (ORCID) ಗುರುತಿನ ಸಂಖ್ಯೆಗೆ ಅಂಟಿಕೊಂಡಿರುವುದಿಲ್ಲ.

ಎರಡನೆಯ ಹಳ್ಳ ಪುಸ್ತಕ. 1978ರ ಪುಸ್ತಕವನ್ನು ಜನ ಉಲ್ಲೇಖಿಸುವಾಗ ಕೆಲವರು ಪ್ರಕಾಶಕರನ್ನು ಆಕ್ಸ್‌ಫರ್ಡ್ ಎನ್ನುತ್ತಾರೆ, ಕೆಲವರು ಕ್ಲಾರೆಂಡನ್ (ಅದೇ ಮುದ್ರಣಾಲಯದ ಇನ್ನೊಂದು ಹೆಸರು) ಎನ್ನುತ್ತಾರೆ, ಕೆಲವರು ಅಧ್ಯಾಯ ಸೂಚಿಸುತ್ತಾರೆ, ಕೆಲವರು ಶೀರ್ಷಿಕೆಯನ್ನು ಅರ್ಧಕ್ಕೆ ಕತ್ತರಿಸುತ್ತಾರೆ. ಪತ್ರಿಕೆಗಳಿಗೆಂದೇ ಕಟ್ಟಿದ ಸೂಚಿಗಳಲ್ಲಿ ಇವೆಲ್ಲ ಬೇರೆಬೇರೆ ನಮೂದುಗಳಾಗಿ ಚದುರುತ್ತವೆ. ಗೂಗಲ್ ಸ್ಕಾಲರ್ ಇವನ್ನು ಹೆಚ್ಚು ಒಗ್ಗೂಡಿಸುತ್ತದೆ. ಆದರೆ ಅದು ಪೂರ್ವಮುದ್ರಣ, ಮಹಾಪ್ರಬಂಧ, ಪಾಠದ ಟಿಪ್ಪಣಿಗಳನ್ನೂ ಎಣಿಸುವುದರಿಂದ ಸಂಖ್ಯೆ ಬೇರೆಯದೇ ಆಗುತ್ತದೆ. ಎರಡು ಮೂಲಗಳ ಸಂಖ್ಯೆಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಬಾರದು. ಯಾವ ಮೂಲ, ಯಾವ ದಿನ ತೆಗೆದದ್ದು ಎಂದು ಬರೆಯದ ಉಲ್ಲೇಖಸಂಖ್ಯೆ ಕೆಲಸಕ್ಕೆ ಬಾರದು.

ಎಚ್-ಸೂಚ್ಯಂಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಲಾ ಕನಿಷ್ಠ 20 ಸಲ ಉಲ್ಲೇಖವಾದ 20 ಪ್ರಬಂಧಗಳಿದ್ದರೆ ಅದು 20. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಈ ಅಳತೆಯಲ್ಲಿ 1971ರ ಪ್ರಬಂಧವೂ 1978ರ ಪುಸ್ತಕವೂ ತಲಾ ಒಂದು ಅಂಕ ಕೊಟ್ಟು ಸುಮ್ಮನಾಗುತ್ತವೆ. ಅವು ಎಷ್ಟು ಸಾವಿರ ಸಲ ಉಲ್ಲೇಖವಾದರೂ ಸೂಚ್ಯಂಕ ಅಲುಗುವುದಿಲ್ಲ. ಕಡಿಮೆ ಬರೆದು ಆಳಕ್ಕೆ ಇಳಿದವರಿಗೆ ಈ ಅಳತೆ ಹೇಳಿ ಮಾಡಿಸಿದ್ದಲ್ಲ.

ವರ್ಷಾವಾರು ರೇಖೆ ಬರೆಯುವಾಗ ಎರಡು ತಿದ್ದುಪಡಿ ಬೇಕು. 1970ರ ದಶಕಕ್ಕೆ ಹೋಲಿಸಿದರೆ ನರವಿಜ್ಞಾನದ ಪ್ರಬಂಧಗಳೇ ಹಲವು ಪಟ್ಟು ಹೆಚ್ಚಿವೆ. ಹಾಗಾಗಿ ಆ ವರ್ಷ ಆ ಕ್ಷೇತ್ರದಲ್ಲಿ ಬಂದ ಒಟ್ಟು ಪ್ರಬಂಧಗಳಲ್ಲಿ ಎಷ್ಟು ಪಾಲು ಉಲ್ಲೇಖಿಸಿದವು ಎಂದು ನೋಡಬೇಕು. ಬರೀ ಸಂಖ್ಯೆ ಯಾರದ್ದಾದರೂ ಏರುತ್ತದೆ. ಇನ್ನೊಂದು, ನೊಬೆಲ್ ಘೋಷಣೆಯಾದ 2014ರ ಅಕ್ಟೋಬರ್ 6ರ ಆಚೀಚೆ ಸರಣಿಯನ್ನು ಕತ್ತರಿಸಿ ಎರಡು ಭಾಗವಾಗಿ ವಿಶ್ಲೇಷಿಸಬೇಕು. ಪ್ರಶಸ್ತಿಯ ನಂತರದ ಉಲ್ಲೇಖಗಳಲ್ಲಿ ಪೀಠಿಕೆಯ ಮೊದಲ ಸಾಲಿಗೆ ಅಲಂಕಾರವಾಗಿ ಬಂದವು ಹೆಚ್ಚು.

ಆ ಅಲಂಕಾರವನ್ನು ಬೇರ್ಪಡಿಸಲು ಓದಬೇಕು, ಬೇರೆ ಉಪಾಯವಿಲ್ಲ. ಪ್ರತಿ ದಶಕದಿಂದ ಸಮಪ್ರಮಾಣದ ಯಾದೃಚ್ಛಿಕ ಮಾದರಿ ತೆಗೆದು, ಉಲ್ಲೇಖ ಬಂದ ವಾಕ್ಯವನ್ನು ಓದಿ ನಾಲ್ಕರಲ್ಲಿ ಒಂದು ಗುರುತು ಹಾಕುವುದು ರೂಢಿ: ಹೆಸರಿಗಷ್ಟೇ, ವಿಧಾನವಾಗಿ ಬಳಕೆ, ಪರೀಕ್ಷೆ, ತಕರಾರು. ಇಬ್ಬರು ಬೇರೆಬೇರೆಯಾಗಿ ಗುರುತು ಹಾಕಿ ಹೊಂದಿಕೆ ನೋಡಬೇಕು. ಹೊಂದಿಕೆ ಕೆಡುವುದು ಯಾವಾಗಲೂ ‘ಪರೀಕ್ಷೆ’ ಮತ್ತು ‘ತಕರಾರು’ ನಡುವೆ. ಆ ಗಡಿಯ ನಿಯಮವನ್ನು ಮೊದಲೇ ಉದಾಹರಣೆ ಸಹಿತ ಬರೆದಿಟ್ಟುಕೊಂಡರೆ ಅರ್ಧ ಜಗಳ ತಪ್ಪುತ್ತದೆ.

ಓಕೀಫ್ ವಿಷಯದಲ್ಲಿ ತಕರಾರಿನ ಗುಂಪು ಬಡವಾಗಿಲ್ಲ. ಡೇವಿಡ್ ಓಲ್ಟನ್ ತಮ್ಮ ಕವಲುಗಳ ಚಕ್ರವ್ಯೂಹದ ಪ್ರಯೋಗಗಳಿಂದ, ಹಿಪೊಕ್ಯಾಂಪಸ್‌ಗೆ ಬೇಕಾದದ್ದು ಸ್ಥಳವಲ್ಲ, ಕಾರ್ಯನಿರತ ಸ್ಮೃತಿ (ನಡೆಯುತ್ತಿರುವ ಕೆಲಸಕ್ಕೆ ಬೇಕಾದಷ್ಟು ಹೊತ್ತು ಉಳಿಯುವ ನೆನಪು) ಎಂದು ವಾದಿಸಿದರು. ಹಾವರ್ಡ್ ಐಕೆನ್‌ಬಾಮ್ ಮತ್ತು ಸಂಗಡಿಗರು 1999ರಲ್ಲಿ ವಾಸನೆ ಗುರುತಿಸುವ ಇಲಿಗಳಲ್ಲಿ, ಜಾಗ ಯಾವುದಾದರೂ ಕೆಲಸಕ್ಕೆ ಸ್ಪಂದಿಸುವ ಹಿಪೊಕ್ಯಾಂಪಸ್ ಕೋಶಗಳನ್ನು ತೋರಿಸಿದರು. 2017ರಲ್ಲಿ ಡಿಮಿಟ್ರಿ ಆರೊನೊವ್ ಮತ್ತು ಸಂಗಡಿಗರು ಇಲಿ ಸನ್ನೆಕೋಲು ಹಿಡಿದು ಧ್ವನಿಯ ಕಂಪನಾಂಕವನ್ನು ಏರಿಸುವಾಗ ಅದೇ ಬಗೆಯ ಕೋಶಗಳು ಒಂದೊಂದು ಕಂಪನಾಂಕಕ್ಕೆ ‘ಕ್ಷೇತ್ರ’ ಕಟ್ಟಿಕೊಳ್ಳುವುದನ್ನು ಕಂಡರು. ನಕ್ಷೆ ಎಂಬುದು ನೆಲಕ್ಕಷ್ಟೇ ಸೀಮಿತವೇ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಎಣಿಕೆಯ ಯಂತ್ರಕ್ಕೆ ಇವೆಲ್ಲ ಬರೀ ‘ಒಂದು ಉಲ್ಲೇಖ’.

ಕಲಿತು ಹೋದವರು

ಮೋಸರ್ ದಂಪತಿ ಓಸ್ಲೋದಲ್ಲಿ ಪರ್ ಆಂಡರ್‌ಸನ್ ಬಳಿ ಪಿಎಚ್.ಡಿ. ಮಾಡಿ, ಎಡಿನ್‌ಬರೋದಲ್ಲಿ ಮಾರಿಸ್ ಜೊತೆ ಕೆಲಸ ಮಾಡಿ, 1996ರಲ್ಲಿ ಕೆಲವು ತಿಂಗಳು ಓಕೀಫ್ ಪ್ರಯೋಗಾಲಯದಲ್ಲಿ ಇದ್ದರು. ಕಲಿತದ್ದು ಟೆಟ್ರೋಡ್ ತಯಾರಿಸಿ ಸ್ಥಳಕೋಶಗಳನ್ನು ದಾಖಲಿಸುವುದು. ಅಲ್ಲಿಂದ ಟ್ರಾಂಡ್‌ಹೈಮ್‌ಗೆ ಹೋಗಿ ಸ್ವಂತ ಪ್ರಯೋಗಾಲಯ ಕಟ್ಟಿದರು. 2002ರಲ್ಲಿ ಅವರ ಗುಂಪು ಹಿಪೊಕ್ಯಾಂಪಸ್‌ನ ಇನ್ನೊಂದು ಭಾಗವಾದ ಸಿಎ3ರಿಂದ ಬರುವ ಸಂಪರ್ಕ ಕಡಿದರೂ ಸಿಎ1ರ ಸ್ಥಳಕೋಶಗಳು ಉಳಿಯುವುದನ್ನು ತೋರಿಸಿತು. ಹಾಗಾದರೆ ಸ್ಥಳದ ಮಾಹಿತಿ ಬರುವುದು ಬೇರೆಡೆಯಿಂದ, ಬಹುಶಃ ನೇರವಾಗಿ ಹಿಪೊಕ್ಯಾಂಪಸ್ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್‌ನಿಂದ. ಅಲ್ಲಿ ತಂತಿ ಇಳಿಸಿದರು. 2005ರಲ್ಲಿ ಗ್ರಿಡ್ ಕೋಶ ಸಿಕ್ಕಿತು: ಒಂದೇ ಕೋಶ, ಇಡೀ ನೆಲವನ್ನು ಸಮಬಾಹು ತ್ರಿಕೋನಗಳ ಜಾಲವಾಗಿ ಹೊದೆಯುವ ಹಲವು ಕ್ಷೇತ್ರಗಳು.

ಉಲ್ಲೇಖಪಟ್ಟಿಯಲ್ಲಿ 2005ರ ಪ್ರಬಂಧದಿಂದ 1971ಕ್ಕೆ ಒಂದು ಗೆರೆ ಎಳೆಯಬಹುದು. ಕೈಯಿಂದ ಕೈಗೆ ದಾಟಿದ ತಂತಿ ತಿರುಚುವ ಕೌಶಲಕ್ಕೆ ಗೆರೆಯಿಲ್ಲ. ಅದನ್ನು ಹಿಡಿಯಬೇಕಾದರೆ ಕೃತಜ್ಞತಾ ವಿಭಾಗಗಳನ್ನೂ ಸಂಶೋಧಕರ ಪ್ರಯೋಗಾಲಯ ವಂಶವೃಕ್ಷವನ್ನೂ ಓದಬೇಕು. ಮೆಕ್‌ನಾಟನ್ ಆ ಮರದ ಇನ್ನೊಂದು ಕೊಂಬೆ, ನೀಲ್ ಬರ್ಜೆಸ್ ಮತ್ತೊಂದು. ಆವರಣದ ಗೋಡೆಯನ್ನು ಸರಿಸಿ ಚೌಕವನ್ನು ಆಯತವಾಗಿಸಿದಾಗ ಕ್ಷೇತ್ರಗಳೂ ಹಿಗ್ಗುತ್ತವೆ, ಕೆಲವು ಎರಡಾಗಿ ಒಡೆಯುತ್ತವೆ ಎಂದು ಓಕೀಫ್ ಮತ್ತು ಬರ್ಜೆಸ್ 1996ರಲ್ಲಿ ತೋರಿಸಿದರು. ಅದರಿಂದ, ಗೋಡೆಯ ದೂರ ಮತ್ತು ದಿಕ್ಕಿಗೆ ಸ್ಪಂದಿಸುವ ಕೋಶಗಳು ಇರಲೇಬೇಕು ಎಂಬ ಭವಿಷ್ಯವಾಣಿ 2000ದಲ್ಲಿ ಟಾಮ್ ಹಾರ್ಟ್ಲಿ ಮತ್ತು ಸಂಗಡಿಗರ ಮಾದರಿಯಾಗಿ ಬಂತು. ಅಂಥ ಕೋಶಗಳು 2009ರಲ್ಲಿ ಕಾಲಿನ್ ಲೆವರ್ ಮತ್ತು ಸಂಗಡಿಗರಿಗೆ ಹಿಪೊಕ್ಯಾಂಪಸ್‌ಗೆ ಹೊಂದಿಕೊಂಡ ಸಬಿಕ್ಯುಲಂ ಎಂಬ ಭಾಗದಲ್ಲಿ ಸಿಕ್ಕವು. ನರವಿಜ್ಞಾನದಲ್ಲಿ ಮೊದಲು ಲೆಕ್ಕ, ಆಮೇಲೆ ಕೋಶ ಎಂಬ ಕ್ರಮ ಅಪರೂಪ.

ರೋಗಿಯ ಕಡೆಗೆ

ಅನುದಾನ ಸಂಸ್ಥೆಗಳು ಕೇಳುವ ‘ಸಾಮಾಜಿಕ ಪ್ರಭಾವ’ದ ಅಂಕಣದಲ್ಲಿ ಏನು ಬರೆಯುವುದು? ಸ್ಥಳಕೋಶಗಳ ಸಂಶೋಧನೆಯಿಂದ ನೇರವಾಗಿ ಬಂದ ಔಷಧ ಯಾವುದೂ ಇಲ್ಲ. ಹಾಗೆ ಬರೆದರೆ ಅಂಕಣ ಸೊರಗುತ್ತದೆ, ಆದರೆ ಅದು ನಿಜ.

ಇರುವುದು ಅಳತೆಯ ಸಾಧನಗಳು. 2008ರಲ್ಲಿ ಫ್ರಾನ್ಸೆಸ್ಕಾ ಕಕುಚಿ, ಓಕೀಫ್ ಮತ್ತು ಸಂಗಡಿಗರು ಆಲ್‌ಝೈಮರ್ ಮಾದರಿಯ ಮೂಷಿಕಗಳಲ್ಲಿ ಸ್ಥಳಕೋಶಗಳ ಕ್ಷೇತ್ರ ಮಸುಕಾಗುವುದನ್ನೂ, ಅದು ಪ್ರಾಣಿಯ ಸ್ಥಳಸ್ಮೃತಿಯ ಕುಸಿತಕ್ಕೆ ಹೊಂದುವುದನ್ನೂ ತೋರಿಸಿದರು. ಮನುಷ್ಯರಲ್ಲಿ ಸ್ಥಳಕೋಶಗಳಿವೆ ಎಂಬುದು 2003ರಲ್ಲಿ ಆರ್ನೆ ಎಕ್‌ಸ್ಟ್ರೋಮ್ ಮತ್ತು ಸಂಗಡಿಗರ ಕೆಲಸದಿಂದ ತಿಳಿದಿತ್ತು. ಚಿಕಿತ್ಸೆಗೆಂದು ಮಿದುಳಿಗೆ ಎಲೆಕ್ಟ್ರೋಡ್ ಇಳಿಸಿದ್ದ ಮೂರ್ಛೆರೋಗಿಗಳು ಗಣಕದ ಪರದೆಯ ಮೇಲೆ ಟ್ಯಾಕ್ಸಿ ಓಡಿಸುವ ಆಟ ಆಡುವಾಗ ಅವು ದಾಖಲಾದವು.

ಚಿಕಿತ್ಸಾಲಯಕ್ಕೆ ಎಲ್ಲಕ್ಕಿಂತ ಹತ್ತಿರ ಹೋದದ್ದು ಹಾರ್ಟ್ಲಿ, ಬರ್ಜೆಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ನಾಲ್ಕು ಬೆಟ್ಟಗಳ ಪರೀಕ್ಷೆ. ಗಣಕದಲ್ಲಿ ರಚಿಸಿದ ನಾಲ್ಕು ಬೆಟ್ಟಗಳ ಒಂದು ದೃಶ್ಯವನ್ನು ಕೆಲವು ಸೆಕೆಂಡ್ ತೋರಿಸಿ ಮರೆಮಾಡುತ್ತಾರೆ. ಆಮೇಲೆ ನಾಲ್ಕು ಚಿತ್ರಗಳಲ್ಲಿ, ಅದೇ ಬೆಟ್ಟಗಳನ್ನು ಬೇರೆ ಕೋನದಿಂದ, ಬೇರೆ ಬೆಳಕಿನಲ್ಲಿ ತೋರಿಸುವ ಒಂದನ್ನು ಆರಿಸಬೇಕು. ಚಿತ್ರವನ್ನು ಚಿತ್ರವಾಗಿ ನೆನಪಿಟ್ಟವರು ಸೋಲುತ್ತಾರೆ, ಏಕೆಂದರೆ ಬಣ್ಣ, ನೆರಳು, ಹವಾಮಾನ ಎಲ್ಲ ಬದಲಾಗಿರುತ್ತದೆ. ಜಾಗದ ವಿನ್ಯಾಸವನ್ನೇ ಹಿಡಿದಿರಬೇಕು. ಹಿಪೊಕ್ಯಾಂಪಸ್‌ಗೆ ಹಾನಿಯಾದವರು ಇದರಲ್ಲಿ ಎಡವುತ್ತಾರೆ. ಸೌಮ್ಯ ಅರಿವಿನ ಕುಸಿತ ಇರುವವರಲ್ಲಿ ಆಲ್‌ಝೈಮರ್ ಕಡೆಗೆ ಜಾರುತ್ತಿರುವವರನ್ನು ಗುರುತಿಸಲು ಇದನ್ನು ಬಳಸಿ ನೋಡಲಾಗಿದೆ. ಕೊಡಲು ಬೇಕಾದದ್ದು ಮುದ್ರಿಸಿದ ಹಾಳೆಗಳು ಅಥವಾ ಒಂದು ಪರದೆ. ಎಲೆಕ್ಟ್ರೋಡ್ ಇಲ್ಲ, ಸ್ಕ್ಯಾನರ್ ಇಲ್ಲ. ಆ ಹಾಳೆ ಹಿಡಿದು ಕೂತ ವೈದ್ಯರು ಬರೆಯುವ ವರದಿಯಲ್ಲಿ ಅಂಕ ಇರುತ್ತದೆ, 1971ರ ಐದು ಪುಟಗಳ ಉಲ್ಲೇಖ ಇರುವುದಿಲ್ಲ.